ಅಗ್ಗದ ಮ್ಯಾಂಡೊಲಿನ್ನೂ ಅಂಟಿಸದ ಕುದುರೆಯೂ

9 ನವೆಂಬರ್ 2024, ಶನಿವಾರ

ಕೊನೆಗೂ ಮ್ಯಾಂಡೊಲಿನ್ ಬಂತು. ಇದ್ದುದರಲ್ಲೇ ಅಗ್ಗದ್ದು, ಎ-ಸ್ಟೈಲು, ಅಂದರೆ ಸುರುಳಿಯಿಲ್ಲದ ಸಾದಾ ಆಕಾರದ್ದು. ಎಫ್-ಸ್ಟೈಲಿನ ಹೆಗಲ ಮೇಲಿರುವ ಸುರುಳಿ ನೋಡಲಿಕ್ಕೇನೋ ಚೆಂದ. ಆದರೆ ಅದನ್ನು ಕೆತ್ತುವ ಕೆಲಸ ದೊಡ್ಡದು, ಅದರಿಂದ ನಾದಕ್ಕೆ ಆಗುವ ಉಪಕಾರ ಅಷ್ಟಕ್ಕಷ್ಟೇ. ಕಡಿಮೆ ದುಡ್ಡಿಗೆ ಎಫ್-ಸ್ಟೈಲು ಸಿಗುತ್ತಿದೆ ಎಂದರೆ ಆ ಸುರುಳಿಯ ಖರ್ಚನ್ನು ಬೇರೆಲ್ಲೋ ಹಿಡಿದಿದ್ದಾರೆ ಎಂದೇ ನನ್ನ ಲೆಕ್ಕ.

ನನ್ನದರ ಮೇಲ್ಹಲಗೆ ಲ್ಯಾಮಿನೇಟ್. ಜಾಹೀರಾತು ಏನೇ ಹೇಳಲಿ, ಎಫ್ ಆಕಾರದ ಕಂಡಿಯ ಅಂಚಿಗೆ ಟಾರ್ಚ್ ಹಿಡಿದರೆ ಗೊತ್ತಾಗುತ್ತದೆ. ಮೇಲೆ ಕಾಣುವ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದಿದ್ದರೆ ಇಡೀ ಹಲಗೆ. ಅಡ್ಡಡ್ಡ ಪದರ ಕಂಡರೆ ಅಂಟಿಸಿದ್ದು. ಕಲಿಯುವವರಿಗೆ ಇದು ಅಂಥ ದೊಡ್ಡ ಕೊರತೆಯೇನಲ್ಲ. ಕತ್ತು ನೆಟ್ಟಗಿದೆಯಾ, ಬಿರಡೆಗಳು ಜಾರದೆ ತಿರುಗುತ್ತವಾ, ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳ) ತುದಿ ಕೈಗೆ ಚುಚ್ಚುತ್ತದಾ, ಇಷ್ಟು ನೋಡಿಕೊಂಡರೆ ಸಾಕು. ಉಳಿದದ್ದನ್ನು ಮನೆಯಲ್ಲಿ ಸರಿಮಾಡಿಕೊಳ್ಳಬಹುದು. ಸರಿಮಾಡಿಕೊಳ್ಳಲೇಬೇಕು ಕೂಡ, ಏಕೆಂದರೆ ಅಗ್ಗದ ಮ್ಯಾಂಡೊಲಿನ್ ಎಂದರೆ ಅರ್ಧ ಕೆಲಸ ಬಾಕಿ ಉಳಿಸಿ ಮಾರಿದ ಮ್ಯಾಂಡೊಲಿನ್. 'ಶ್ರುತಿ ನಿಲ್ಲಲ್ಲ, ಬೆರಳು ಕೊಯ್ಯುತ್ತೆ' ಎಂದು ಮೂಲೆಗೆ ತಳ್ಳಿದ ವಾದ್ಯಗಳಲ್ಲಿ ಎಷ್ಟಕ್ಕೆ ಈ ಬಾಕಿ ಕೆಲಸವನ್ನು ಯಾರೂ ಮಾಡಿರುವುದಿಲ್ಲವೋ.

ಬಾಕಿಯಲ್ಲಿ ದೊಡ್ಡ ಪಾಲು ಕುದುರೆಯದ್ದು, ಅಂದರೆ ತಂತಿಗಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಬ್ರಿಜ್‌ನದ್ದು. ಗಿಟಾರಿನಲ್ಲಿ ಹಲಗೆಗೆ ಅಂಟಿಕೊಂಡಿರುವಂತೆ ಇಲ್ಲಿ ಅಂಟಿಕೊಂಡಿರುವುದಿಲ್ಲ. ತಂತಿಗಳು ಒತ್ತಿ ಹಿಡಿದಿರುವುದರಿಂದ ನಿಂತಿರುತ್ತದೆ, ಅಷ್ಟೇ. ನಾಲ್ಕು ಜೋಡಿಯ ಎಂಟೂ ತಂತಿಗಳ ಎಳೆತ ಸೇರಿ 70 ಕಿಲೋ ಆಸುಪಾಸು. ತಂತಿ ಸಡಿಲಿಸಿದರೆ ಕೈಗೇ ಬರುತ್ತದೆ. ನನಗೆ ಬಂದದ್ದಂತೂ ತಂತಿ ಸಡಿಲವಾಗಿ, ಕುದುರೆ ಬೇರೆ ಪೊಟ್ಟಣದಲ್ಲಿ. ಎಲ್ಲಿ ನಿಲ್ಲಿಸಬೇಕು ಎಂಬ ಗುರುತು ಹಲಗೆಯ ಮೇಲಿಲ್ಲ.

ನಿಲ್ಲಿಸುವ ಮೊದಲು ಪಾದ ಕೂರುತ್ತದಾ ನೋಡಿದೆ. ಹಲಗೆ ಉಬ್ಬು, ಕುದುರೆಯ ಪಾದ ಬಹುಮಟ್ಟಿಗೆ ಸಪಾಟು. ಹೊರ ಅಂಚಿನ ಕೆಳಗೆ ಕಾಗದದ ಚೂರು ಸಲೀಸಾಗಿ ನುಸುಳಿತು. ಕುದುರೆ ನಿಲ್ಲುವ ಜಾಗದಲ್ಲಿ ಸ್ಯಾಂಡ್‌ಪೇಪರನ್ನು ಒರಟು ಮುಖ ಮೇಲಾಗಿ ಅಂಟುಪಟ್ಟಿಯಿಂದ ಬಿಗಿದು, ಅದರ ಮೇಲೆ ಪಾದವನ್ನು ನೆಟ್ಟಗೆ ಹಿಡಿದು ಹಿಂದೆ ಮುಂದೆ ಉಜ್ಜಿದೆ. ಹಲಗೆಯ ಉಬ್ಬೇ ಅಚ್ಚಾಗಿ ಪಾದಕ್ಕೆ ಇಳಿಯುತ್ತದೆ. ಅಡಿಗೆ ಪೆನ್ಸಿಲ್ ಬಳಿದಿದ್ದರೆ ಎಲ್ಲಿ ಸವೆದಿದೆ, ಎಲ್ಲಿ ಇನ್ನೂ ಮುಟ್ಟಿಲ್ಲ ಎಂಬುದು ಕಾಣುತ್ತದೆ. ಕಪ್ಪೆಲ್ಲ ಹೋಗುವವರೆಗೂ ಉಜ್ಜಿದ್ದು. ಬೇಸರದ ಕೆಲಸ, ಆದರೆ ತಂತಿಯ ಕಂಪನ ಹಲಗೆಗೆ ದಾಟುವುದು ಈ ಎರಡು ಸಣ್ಣ ಪಾದಗಳ ಮೂಲಕವೇ.

ಆಮೇಲೆ ಜಾಗ. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಕಚ್ಚಿನ ಪಟ್ಟಿ) 12ನೇ ಫ್ರೆಟ್ಟಿಗೆ ಎಷ್ಟಿದೆಯೋ ಅಲ್ಲಿಂದ ಕುದುರೆಗೂ ಅಷ್ಟೇ ಇರಬೇಕು, ಕೂದಲೆಳೆ ಹೆಚ್ಚು. ನನ್ನದರಲ್ಲಿ 176 ಮಿಲಿಮೀಟರ್. ಅಳತೆ ಹತ್ತಿರಕ್ಕೆ ತಂದು ಬಿಡುತ್ತದೆ, ಉಳಿದದ್ದು ಕಿವಿಯ ಕೆಲಸ, ಇಲ್ಲವೇ ಟ್ಯೂನರಿನದು. 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬರೀ ಸೋಕಿ ಹಾರ್ಮಾನಿಕ್ ಮೀಟಬೇಕು, ಆಮೇಲೆ ಅಲ್ಲೇ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾಗಿರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ (ತಂತಿಗಳ ಬುಡ ಸಿಕ್ಕಿಸುವ ತುದಿಯ) ಕಡೆಗೆ ಸರಿಸು, ಇಳಿದಿದ್ದರೆ ಕತ್ತಿನ ಕಡೆಗೆ. ಸರಿಸುವುದು ಎಂದರೆ ಉಗುರಿನಲ್ಲಿ ತಟ್ಟಿದಷ್ಟು. ಅತಿ ಸಣ್ಣ ಇ ತಂತಿ ಕೂಡಿತು ಎನ್ನುವಷ್ಟರಲ್ಲಿ ದಪ್ಪನೆಯ ಜಿ ಕೆಟ್ಟಿರುತ್ತದೆ, ಕುದುರೆಯನ್ನು ಚೂರು ಓರೆ ಮಾಡಬೇಕಾಗುತ್ತದೆ. ಕುದುರೆಯ ಮೇಲ್ಪಟ್ಟಿಯಲ್ಲಿ ನಾಲ್ಕು ಜೋಡಿಗೂ ಹಿಂದೆ ಮುಂದೆ ಮೆಟ್ಟಿಲು ಕೊಯ್ದಿರುತ್ತಾರಲ್ಲ, ಅದು ಇದಕ್ಕಾಗಿಯೇ. ಇ ಮತ್ತು ಡಿ ಕತ್ತಿನ ಕಡೆಗೆ, ಎ ಮತ್ತು ಜಿ ಬಾಲದ ಕಡೆಗೆ. ಪಟ್ಟಿಯನ್ನು ತಿರುಗಿಸಿ ಕೂರಿಸಿಬಿಟ್ಟರೆ ಸ್ವರ ಯಾವತ್ತೂ ಕೂಡುವುದಿಲ್ಲ.

ತಂತಿಯ ಎತ್ತರವನ್ನು ಕುದುರೆಯಲ್ಲಿರುವ ಎರಡು ಪುಟ್ಟ ಗಾಲಿ ತಿರುಗಿಸಿ ಇಳಿಸಿದೆ. ತಂತಿ ಬಿಗಿ ಇರುವಾಗ ಇವನ್ನು ತಿರುಗಿಸಲು ಹೋಗಬಾರದು. 12ನೇ ಫ್ರೆಟ್ಟಿನ ಮೇಲೆ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರಕ್ಕೆ ಬಂದ ಮೇಲೆ ಕೈಗೆ ಬೇರೆಯೇ ವಾದ್ಯ ಅನ್ನಿಸಿತು. ಇನ್ನಷ್ಟು ಇಳಿಸುವ ಆಸೆಯಾಗುತ್ತದೆ, ಇಳಿಸಿದರೆ ತಂತಿ ಫ್ರೆಟ್ಟಿಗೆ ಬಡಿದು ಝರ್ ಎನ್ನಲು ಶುರು. ಕತ್ತಿನ ಬಾಗು ಸರಿಮಾಡಲು ಅದರೊಳಗಿರುವ ಸರಳು, ಟ್ರಸ್ ರಾಡ್, ಮುಟ್ಟಲಿಲ್ಲ. ಕತ್ತು ನೆಟ್ಟಗಿದ್ದರೆ ಅದರ ಉಸಾಬರಿ ಬೇಡ.

ತಂತಿಗಳನ್ನೂ ಬದಲಿಸಿದೆ, ಲೈಟ್ ಸೆಟ್, ದಪ್ಪ ಇಂಚಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ 10, 14, 24, 38. ಕೊನೆಗೆ ಕುಣಿಕೆ ಇರುವಂಥದ್ದೇ ಬೇಕು, ಗಿಟಾರ್ ತಂತಿಯ ಗುಂಡಿ ಇಲ್ಲಿ ಸಿಕ್ಕಿಸಲು ಬರುವುದಿಲ್ಲ. ಒಂದು ತೆಗೆ, ಒಂದು ಹಾಕು. ಎಲ್ಲ ಒಟ್ಟಿಗೆ ಬಿಚ್ಚಿದರೆ ಕುದುರೆ ಮತ್ತೆ ಕೈಗೆ. ನಟ್‌ನ ಕಚ್ಚುಗಳಿಗೆ ಪೆನ್ಸಿಲ್ ಪುಡಿ ತಿಕ್ಕಿದ್ದರಿಂದ ಬಿರಡೆ ತಿರುಗಿಸುವಾಗ ಬರುತ್ತಿದ್ದ ಟಿಂಕ್ ಸದ್ದು ನಿಂತಿತು. ತಂತಿ ಬಿಗಿಯುತ್ತಾ ಹೋದಂತೆ ಕುದುರೆಯ ತಲೆ ಕತ್ತಿನ ಕಡೆಗೆ ವಾಲುತ್ತದೆ, ಆಗಾಗ ನೆಟ್ಟಗೆ ಮಾಡುತ್ತಿರಬೇಕು.

ಶ್ರುತಿ ಪಿಟೀಲಿನದೇ: ಜಿ, ಡಿ, ಎ, ಇ. ಒಂದು ಜೋಡಿಯ ಪಂಚಮವೇ ಮುಂದಿನ ಜೋಡಿಯ ಷಡ್ಜ. ಜೋಡಿಯಲ್ಲಿ ಒಂದನ್ನು ಬೆರಳಲ್ಲಿ ಮುಚ್ಚಿ ಇನ್ನೊಂದನ್ನು ಕೂಡಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಮೀಟಿ ಕೇಳುವುದು. ಅಲೆ ಅಲೆಯಾಗಿ ಕೇಳಿದರೆ ಇನ್ನೂ ಸೇರಿಲ್ಲ. ಯಾವಾಗಲೂ ಕೆಳಗಿನಿಂದ ಏರಿಸಿಯೇ ಕೂಡಿಸಬೇಕು, ಏರಿ ಹೋದರೆ ಇಳಿಸಿ ಮತ್ತೆ ಏರಿಸು.

ಮ್ಯಾಂಡೊಲಿನ್ ಎಂದ ಕೂಡಲೇ ನಮ್ಮವರಿಗೆ ಕರ್ನಾಟಕ ಸಂಗೀತದ ಯು. ಶ್ರೀನಿವಾಸ್ ನೆನಪಾಗುತ್ತಾರೆ. ಅವರದು ಎಲೆಕ್ಟ್ರಿಕ್, ಐದು ಒಂಟಿ ತಂತಿ. ಈ ಜೋಡಿ ತಂತಿಯಲ್ಲಿ ಗಮಕಕ್ಕೆಂದು ಎಳೆದು ನೋಡಿದೆ. ಎರಡೂ ಒಂದೇ ಸಮ ಏರುವುದಿಲ್ಲ, ಸ್ವರ ಒಡೆದು ಬರುತ್ತದೆ. ಜಾರು ಪರವಾಗಿಲ್ಲ. ಸದ್ಯಕ್ಕೆ ಸರಳೆ, ಜಂಟಿ ವರಸೆಗಳ ಅಭ್ಯಾಸ.

ಉಳಿದಿರುವುದು ನಟ್. ಮೂರನೇ ಫ್ರೆಟ್ಟಿನ ಹತ್ತಿರ ಒತ್ತಿ ಹಿಡಿದರೆ ಮೊದಲ ಫ್ರೆಟ್ಟಿನ ಮೇಲೆ ಕಾಗದ ಹಾಯುವಷ್ಟು ಸಂದಿ ಇದ್ದರೆ ಸಾಕು, ಎ ಜೋಡಿಯಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಅದಕ್ಕೇ ಮೊದಲ ಫ್ರೆಟ್ಟಿನಲ್ಲಿ ಆ ಸ್ವರ ಏರಿ ಕೇಳುತ್ತದೆ. ಕಚ್ಚು ಆಳ ಮಾಡಲು ತಂತಿಯ ದಪ್ಪಕ್ಕೇ ಹೊಂದುವ ಸಣ್ಣ ಅರ ಬೇಕು, ಜಾಸ್ತಿ ಕೊಯ್ದರೆ ನಟ್ಟೇ ಬದಲಿಸಬೇಕಾಗುತ್ತದೆ. ಇದೊಂದನ್ನು ವಾದ್ಯ ರಿಪೇರಿಯವರ ಕೈಗೆ ಕೊಡುತ್ತೇನೆ, ಹೊಸ ತಂತಿ ಹಿಗ್ಗುವುದು ನಿಂತ ಮೇಲೆ.