ಮೊಮೊಸ್ತೆನಾಂಗೊದಲ್ಲಿ ಮೂರು ವಾರ: ದಿನ ಎಣಿಸುವವರ ಮನೆಯಲ್ಲಿ

ಗ್ವಾಟೆಮಾಲಾಕ್ಕೆ ಹೋಗಿ ಮಾಯಾ ಜನರ ಮಂತ್ರವಿದ್ಯೆ ಕಲಿಯುವ ಆಸೆ ಇದ್ದರೆ, ಮೊದಲು ‘ಶಾಮನ್’ ಅನ್ನೋ ಪದ ಬಿಟ್ಟುಬಿಡಿ. ಅಲ್ಲಿನ ಬೆಟ್ಟದೂರು ಮೊಮೊಸ್ತೆನಾಂಗೊದಲ್ಲಿ ಅಂಥವರನ್ನು ‘ಅಹ್‌ಕಿಹ್’ ಅಂತಾರೆ, ಅಂದರೆ ಆ ಊರಿನ ಮಾಯಾ ಜನರ ಕಿಚೆ ಭಾಷೆಯಲ್ಲಿ ದಿನಗಳನ್ನು ನೋಡಿಕೊಳ್ಳುವವರು. ನನಗೆ ಇದು ಗೊತ್ತಿರಲಿಲ್ಲ. ದಾರಿಯಲ್ಲೊಂದು ಪ್ರವಾಸಿಗರ ಊರಲ್ಲಿ ‘ಒಂದೇ ದಿನದಲ್ಲಿ ದೀಕ್ಷೆ’ ಅಂದವರಿಗೆ ದುಡ್ಡು ಕೊಟ್ಟೆ. ಸಿಕ್ಕಿದ್ದು ನಾಲ್ಕು ಮೇಣದ ಬತ್ತಿ, ಒಂದು ಫೋಟೊ.

ನಿಜವಾದ ಕಲಿಕೆ 260 ದಿನದ್ದು. ದಿನಗಳಿಗೆ 20 ಹೆಸರು, ಜೊತೆಗೆ 1ರಿಂದ 13ರವರೆಗೆ ಅಂಕಿ. ಅದೇ ಜೋಡಿ ಮತ್ತೆ ಬರಲು 260 ದಿನ ಬೇಕು. ದೀಕ್ಷೆ ಕೊಡುವುದು ‘8 ಬಾಟ್ಸ್’ ದಿನ, ಅಂದರೆ ಬಾಟ್ಸ್ ಅನ್ನೋ ಹೆಸರಿಗೆ 8ರ ಅಂಕಿ ಕೂಡಿ ಬರುವ ದಿನ. ನಮ್ಮ ಕ್ಯಾಲೆಂಡರಿನಲ್ಲಿ ಅದು ಪ್ರತಿ ಸಲ ಬೇರೆ ತಾರೀಖಿಗೆ ಬೀಳುತ್ತೆ, ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ಹೊರಗಿನವರಿಗೆ ಬಾಗಿಲು ಮುಚ್ಚಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞರಾದ ಬಾರ್ಬರಾ ಮತ್ತು ಡೆನ್ನಿಸ್ ಟೆಡ್ಲಾಕ್ ದಂಪತಿ 1976ರಲ್ಲಿ ಇದೇ ಊರಲ್ಲಿ ದೀಕ್ಷೆ ಪಡೆದವರು.

ರಾಜಧಾನಿಯಿಂದ ಕೆತ್ಸಾಲ್ತೆನಾಂಗೊಗೆ ಬಸ್ ಇದೆ, ಎಲ್ಲರೂ ಅದನ್ನು ಶೇಲಾ ಅಂತಲೇ ಕರೆಯೋದು. ಸ್ಪ್ಯಾನಿಷ್ ಬರದಿದ್ದರೆ ಅಲ್ಲಿನ ಶಾಲೆಗಳಲ್ಲಿ ಎರಡು ವಾರವಾದರೂ ಕೂತು ಕಲಿಯಿರಿ. ಆಮೇಲೆ ಕ್ವಾತ್ರೊ ಕಾಮಿನೋಸ್ ಕೂಡುರಸ್ತೆ ದಾಟಿ ಮೊಮೊಸ್ತೆನಾಂಗೊ. ಬಣ್ಣಬಣ್ಣದ ಹಳೇ ಶಾಲಾ ಬಸ್ಸು, ಎರಡು ಜನರ ಸೀಟಿಗೆ ಮೂವರು.

ನಾನು ಉಳಿದದ್ದು ಒಬ್ಬ ಅಹ್‌ಕಿಹ್ ಮನೆಯಲ್ಲಿ. ಅಲ್ಲಿ ಹಿರಿಯರನ್ನು ‘ತಾತ್’ ಅನ್ನಬೇಕು, ಅಜ್ಜಿಯನ್ನು ‘ನಾನ್’. ನಮ್ಮ ತಾತನೇ, ಅಲ್ವಾ? ಕರೆಯಲು ನನಗೆ ಒಂಚೂರೂ ಕಷ್ಟ ಆಗಲಿಲ್ಲ. ಸೌದೆ ಹೊತ್ತೆ, ಜೋಳದ ರೊಟ್ಟಿ ತಟ್ಟಲು ಹೋಗಿ ನಗೆಪಾಟಲಾದೆ. ಅವರದು ಮೆಕ್ಕೆಜೋಳ, ಸುಣ್ಣದ ನೀರಲ್ಲಿ ಬೇಯಿಸಿ ಅರೆದದ್ದು. ಅಂಗೈಯಲ್ಲೇ ತಟ್ಟಬೇಕು. ವಾರಕ್ಕೊಮ್ಮೆ ‘ತುಹ್’, ಅಂದರೆ ಹಬೆಸ್ನಾನದ ಮಣ್ಣಿನ ಗೂಡು. ಬಗ್ಗಿ ತೆವಳಿಕೊಂಡೇ ಒಳಗೆ ಹೋಗಬೇಕು. ಬೆನ್ನು ನೋವಿದ್ದವರು ಮೊದಲೇ ಹೇಳಿಬಿಡಿ.

ಹತ್ತನೇ ದಿನ ತಾತ್ ನನಗಾಗಿ ಬೀಜ ಹಾಕಿ ಶಕುನ ನೋಡಿದರು. ಬಟ್ಟೆಚೀಲದಿಂದ ಸುರಿದದ್ದು ‘ತ್ಸಿತೆ’, ನಮ್ಮ ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣದ ಜಾತಿಯದೇ ಕೆಂಪು ಬೀಜ. ನಡುವೆ ಒಂದಷ್ಟು ಸ್ಫಟಿಕ. ರಾಶಿಯ ಮೇಲೆ ಕೈಯಾಡಿಸಿ ಒಂದು ಹಿಡಿ ತೆಗೆದರು, ನಾಲ್ಕು ನಾಲ್ಕಾಗಿ ಗುಡ್ಡೆ ಮಾಡಿ ಸಾಲಾಗಿಟ್ಟರು. ಒಂದೊಂದು ಗುಡ್ಡೆಗೆ ಒಂದೊಂದು ದಿನದ ಹೆಸರು ಹೇಳುತ್ತಾ ಹೋದರು. ಮಧ್ಯದಲ್ಲೊಮ್ಮೆ ನಿಲ್ಲಿಸಿ ತೊಡೆ ಮುಟ್ಟಿಕೊಂಡರು. ಮೈಯಲ್ಲಿ ಎಲ್ಲಾದರೂ ಚುಳುಕ್ ಅಂದರೆ, ಅವರ ಮಾತಿನಲ್ಲಿ ರಕ್ತದಲ್ಲಿ ಮಿಂಚು ಹೊಡೆದರೆ, ಅದೂ ಉತ್ತರವೇ. ಕೊನೆಗೆ, ‘ನಿನಗೆ ಕರೆ ಬಂದಿಲ್ಲ. ಬಂದರೆ ಬಾ’ ಅಂದರು. ಹಣ ಕೊಡ್ತೀನಿ ಅಂದರೂ ಇದೇ ಉತ್ತರ ಇರುತ್ತಿತ್ತು. ಹಾಗಾಗಿ ಶಿಷ್ಯ ಆಗ್ತೀನಿ ಅಂತ ಹೋಗಬೇಡಿ, ಅತಿಥಿಯಾಗಿ ಹೋಗಿ.

ಬೆಟ್ಟದ ಪೂಜೆಗೆ ಕರೆದರೆ ಸಂತೆಯಲ್ಲಿ ಕೋಪಲ್ ಧೂಪ, ಮೇಣದ ಬತ್ತಿ, ಸಕ್ಕರೆ ಕೊಂಡು ಒಯ್ಯಿರಿ. ಕೇಳದೆ ಫೋಟೊ ತೆಗೆಯಬೇಡಿ. ಮೇಯಿಂದ ಅಕ್ಟೋಬರ್ ಮಳೆ, ದಾರಿ ಕೆಸರು. ಊರು ಸುಮಾರು 2,200 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್ ರಾತ್ರಿಗೆ ಸುಮ್ನೆ ಒಂದು ಸ್ವೆಟರ್ ಸಾಲಲ್ಲ. ಭಾನುವಾರದ ಸಂತೆಯಲ್ಲಿ ಉಣ್ಣೆ ಕಂಬಳಿ ಸಿಗುತ್ತೆ, ಊರು ಹೆಸರಾಗಿರುವುದೇ ಅದಕ್ಕೆ. ನಾನು ಕೊನೇ ವಾರ ಕೊಂಡೆ. ನೀವು ಮೊದಲನೇ ದಿನವೇ ಕೊಂಡುಬಿಡಿ.