ಕೇಬಲ್ ಬಿಗಿ ಮಾಡುವ ಮೊದಲು

ನೂರು ಸಿಸಿ ಆಸುಪಾಸಿನ ಬೈಕಿನ ಕ್ಲಚ್ ಸರಿಯಿಲ್ಲ ಎಂದು ರಸ್ತೆಬದಿಯ ಗ್ಯಾರೇಜಿಗೆ ಹೋದರೆ ಬಹುತೇಕ ಕಡೆ ಮೊದಲು ನಡೆಯುವ ಕೆಲಸ ಕೇಬಲ್ ಬಿಗಿ ಮಾಡುವುದು. ಗಿಯರ್ ಬೀಳುತ್ತಿಲ್ಲ ಎಂದರೂ ಬಿಗಿ, ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಎಂದರೂ ಬಿಗಿ. ಈ ಎರಡು ದೂರುಗಳು ಒಂದಕ್ಕೊಂದು ವಿರುದ್ಧವಾದವು. ಮೊದಲನೆಯದರಲ್ಲಿ ಎಂಜಿನ್ನನ್ನೂ ಗಿಯರನ್ನೂ ಜೋಡಿಸುವ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಎರಡನೆಯದರಲ್ಲಿ ಪೂರ್ತಿ ಹಿಡಿಯುತ್ತಿಲ್ಲ. ಬಿಡದ ಕ್ಲಚ್ಚಿಗೆ ಕೇಬಲ್ ಬಿಗಿ ಮಾಡುವುದು ಪರಿಹಾರವಾಗಬಹುದು. ಹಿಡಿಯದ ಕ್ಲಚ್ಚಿಗೆ ಅದೇ ಕೆಲಸ ಮಾಡಿದರೆ ಇನ್ನಷ್ಟು ದಿನ ಬಾಳಬಹುದಾಗಿದ್ದ ಪ್ಲೇಟುಗಳು ಸುಟ್ಟುಹೋಗುತ್ತವೆ.

ನಮ್ಮ ಹಳ್ಳಿ ಪಟ್ಟಣಗಳ ರಸ್ತೆಗಳಲ್ಲಿ ಹೆಚ್ಚು ಕಾಣಿಸುವ, 1994ರಲ್ಲಿ ಮಾರುಕಟ್ಟೆಗೆ ಬಂದ 97.2 ಸಿಸಿಯ ಸ್ಪ್ಲೆಂಡರ್ ಬೈಕನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಒಂದು ಫ್ರಿಕ್ಷನ್ (ಘರ್ಷಣೆಯಿಂದ ಹಿಡಿಯುವ) ಪ್ಲೇಟ್, ಒಂದು ಸ್ಟೀಲ್ ಪ್ಲೇಟ್ ಎಂಬಂತೆ ಜೋಡಿಸಿದ ಕಟ್ಟನ್ನು ಸ್ಪ್ರಿಂಗ್‌ಗಳು ಸದಾ ಅದುಮಿ ಹಿಡಿದಿರುತ್ತವೆ. ನಾವು ಲಿವರ್ ಒತ್ತಿದಾಗ ಕೇಬಲ್ ಆ ಸ್ಪ್ರಿಂಗ್‌ಗಳ ಒತ್ತಡವನ್ನು ತೆಗೆದು ಪ್ಲೇಟುಗಳು ಬಿಡಿಯಾಗಲು ಅವಕಾಶ ಮಾಡಿಕೊಡುತ್ತದೆ. ಲಿವರ್ ಬಿಟ್ಟಾಗ ಕೇಬಲ್‌ನ ಎಳೆತ ಪ್ಲೇಟುಗಳಿಗೆ ಸ್ವಲ್ಪವೂ ತಾಗಬಾರದು. ಇದಕ್ಕಾಗಿಯೇ ಲಿವರ್‌ನ ತುದಿಯಲ್ಲಿ ಅಳೆದಾಗ 10ರಿಂದ 20 ಮಿಲಿಮೀಟರ್‌ನಷ್ಟು ಫ್ರೀ ಪ್ಲೇ (ಕೇಬಲ್ ಎಳೆಯತೊಡಗುವ ಮೊದಲು ಲಿವರ್ ಸಡಿಲವಾಗಿ ಚಲಿಸುವ ದೂರ) ಇರಬೇಕೆಂಬ ನಿಯಮವಿದೆ. ಎಲ್ಲ ಬೈಕುಗಳಿಗೂ ಇದೇ ಅಳತೆಯಲ್ಲ. ಹಳೆಯ ಯಮಹಾ ಬೈಕುಗಳ ಕೈಪಿಡಿಗಳಲ್ಲಿ ಲಿವರ್‌ನ ಬುಡದ ಹತ್ತಿರ 2ರಿಂದ 3 ಮಿಲಿಮೀಟರ್ ಎಂದಿರುತ್ತದೆ. ಆ ಅಂಕಿಯನ್ನು ತುದಿಯಲ್ಲಿ ಅಳೆದರೆ ಕ್ಲಚ್ ಅಗತ್ಯಕ್ಕಿಂತ ಬಿಗಿಯಾಗುವುದರಿಂದ, ಎಲ್ಲಿ ಅಳೆಯಬೇಕು ಎಂಬುದನ್ನೂ ನೋಡಿಕೊಳ್ಳಬೇಕು.

ನನ್ನ ದೃಷ್ಟಿಯಲ್ಲಿ ಬಹಳ ಮಂದಿ ಗಮನಿಸದ, ಆದರೆ ಬಹಳ ಉಪಯುಕ್ತವಾದ ಸಂಗತಿಯೆಂದರೆ ಈ ಫ್ರೀ ಪ್ಲೇ ಯಾವ ಕಡೆಗೆ ಬದಲಾಗುತ್ತಿದೆ ಎಂಬುದು. ಕೇಬಲ್ ಹಿಗ್ಗಿದರೆ ಅಥವಾ ಅದರ ಎಳೆಗಳು ಒಂದೊಂದಾಗಿ ತುಂಡಾಗುತ್ತಿದ್ದರೆ ಫ್ರೀ ಪ್ಲೇ ಹೆಚ್ಚುತ್ತದೆ. ಪ್ಲೇಟುಗಳು ಸವೆದರೆ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಯಾರೂ ಅಡ್ಜಸ್ಟರ್ (ಕೇಬಲ್ಲಿನ ಬಿಗಿಯನ್ನು ಹೊಂದಿಸುವ ತಿರುಪು) ಮುಟ್ಟದೆ ಇದ್ದರೂ ಲಿವರ್ ದಿನೇದಿನೇ ಬಿಗಿಯಾಗುತ್ತಾ ಬಂದಿದ್ದರೆ ಒಳಗಿನ ಪ್ಲೇಟುಗಳ ದಪ್ಪ ಇಳಿಯುತ್ತಿದೆ ಎಂದು ತಿಳಿಯಬೇಕು. ಹಾಗೆಯೇ ಬಿಟ್ಟರೆ ಒಂದು ಹಂತದಲ್ಲಿ, ಕೈ ಲಿವರ್ ಮೇಲೆ ಇಲ್ಲದಿದ್ದರೂ ಕೇಬಲ್ ಸ್ಪ್ರಿಂಗ್‌ಗಳ ಒತ್ತಡದಲ್ಲಿ ಒಂದು ಪಾಲನ್ನು ತಾನೇ ಹೊರತೊಡಗುತ್ತದೆ. ಪ್ಲೇಟುಗಳು ಜಾರುತ್ತವೆ, ಜಾರಿದಾಗ ಕಾಯುತ್ತವೆ, ಕಾದಂತೆ ಇನ್ನಷ್ಟು ಬೇಗ ಸವೆಯುತ್ತವೆ. ಸವಾರಿಯುದ್ದಕ್ಕೂ ಲಿವರ್ ಮೇಲೆ ಎರಡು ಬೆರಳು ಇಟ್ಟುಕೊಂಡಿರುವ ಅಭ್ಯಾಸವೂ ಇದೇ ಹಾನಿಯನ್ನು ಮಾಡುತ್ತದೆ.

ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು ಖಾಲಿ ರಸ್ತೆಯಲ್ಲಿ ಟಾಪ್ ಗಿಯರ್‌ನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಚೆನ್ನಾಗಿ ತಿರುಗಿಸಿ ನೋಡಬೇಕು. ಎಂಜಿನ್ ಸದ್ದು ಏರಿ ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಅನುಮಾನವೇ ಬೇಡ. ಚಾರ್ಮಾಡಿ ಅಥವಾ ಆಗುಂಬೆಯಂಥ ಘಾಟಿಯಲ್ಲಿ ಇಬ್ಬರು ಕುಳಿತು ಹೋದರಂತೂ ಈ ದೋಷ ಸುಟ್ಟ ವಾಸನೆಯೊಂದಿಗೆ ತಾನಾಗಿಯೇ ಪ್ರಕಟವಾಗುತ್ತದೆ. ಕ್ಲಚ್ ಬಿಡದಿರುವ ದೋಷದ ಲಕ್ಷಣಗಳೇ ಬೇರೆ: ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಲಿವರ್ ಪೂರ್ತಿ ಒತ್ತಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ, ಮೊದಲ ಗಿಯರ್ ದೊಡ್ಡ ಸದ್ದಿನೊಂದಿಗೆ ಬೀಳುತ್ತದೆ. ಚಳಿಗಾಲದ ಮುಂಜಾನೆ ತಣ್ಣಗಿರುವ ಎಂಜಿನ್ನಿನಲ್ಲಿ ಆಯಿಲ್ ಗಟ್ಟಿಯಾಗಿ ಪ್ಲೇಟುಗಳು ಅಂಟಿಕೊಂಡಿರುವುದರಿಂದ ಮೊದಲ ಸಲ ಹೀಗಾಗುವುದು ಸಹಜ. ಎಂಜಿನ್ ಆರಿಸಿಯೇ ಗಿಯರ್‌ಗೆ ಹಾಕಿ, ಲಿವರ್ ಒತ್ತಿ ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಅವು ಬಿಡಿಸಿಕೊಳ್ಳುತ್ತವೆ. ಇದಕ್ಕಾಗಿ ಅಡ್ಜಸ್ಟರ್ ಮುಟ್ಟಬೇಕಾಗಿಲ್ಲ.

ಅಡ್ಜಸ್ಟ್ ಮಾಡಲೇಬೇಕಾದಾಗ ಎಂಜಿನ್ ತಣ್ಣಗಿರಲಿ. ಹ್ಯಾಂಡಲ್ ಬಳಿ ಒಂದು, ಎಂಜಿನ್ ಬಳಿ ಒಂದು ಹೀಗೆ ಎರಡು ಅಡ್ಜಸ್ಟರ್ ಇರುವ ಬೈಕಿನಲ್ಲಿ ಮೇಲಿನದನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಬೇಕಾದ ಫ್ರೀ ಪ್ಲೇಯ ಬಹುಭಾಗವನ್ನು ಕೆಳಗಿನದರಲ್ಲಿ ಹೊಂದಿಸಿ, ಕೊನೆಯ ಸಣ್ಣ ವ್ಯತ್ಯಾಸವನ್ನು ಮಾತ್ರ ಮೇಲೆ ಸರಿಪಡಿಸಬೇಕು. ಕೆಲವು ಬೈಕುಗಳಲ್ಲಿ ಕೆಳಗಿನದು ಮಾತ್ರ ಇರುತ್ತದೆ. ಅಡ್ಜಸ್ಟರ್ ಅಲುಗದಂತೆ ಹಿಡಿಯುವ ಲಾಕ್ ನಟ್ ಬಿಗಿ ಮಾಡುವಾಗ ಅಡ್ಜಸ್ಟರ್ ತಿರುಗಿ ಅಳತೆ ತಪ್ಪುವುದುಂಟು, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮೇಲಿನ ಅಡ್ಜಸ್ಟರ್‌ನ ಸೀಳು ಲಿವರ್ ಹಿಡಿಕೆಯ ಸೀಳಿಗೆ ನೇರವಾಗಿ ನಿಲ್ಲದಂತೆ ನೋಡಿಕೊಳ್ಳಿ. ನೇರವಾಗಿದ್ದರೆ ಮಳೆಗಾಲದಲ್ಲಿ ನೀರು ಅಲ್ಲಿಂದಲೇ ಕೇಬಲ್ಲಿನೊಳಗೆ ಇಳಿಯುತ್ತದೆ. ಬಳಿಕ ಸೆಂಟರ್ ಸ್ಟ್ಯಾಂಡ್ ಹಾಕಿ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಫ್ರೀ ಪ್ಲೇ ಬದಲಾಗುತ್ತದೆಯೇ ನೋಡಬೇಕು. ಬದಲಾದರೆ ಕೇಬಲ್ ಹಾದುಹೋಗುವ ದಾರಿ ತಪ್ಪಿದೆ, ಅಥವಾ ಎಲ್ಲೋ ಸಿಕ್ಕಿಕೊಂಡಿದೆ.

ಅಳತೆ ಸರಿಯಿದ್ದೂ ತೊಂದರೆ ಉಳಿದರೆ ಕಾರಣ ಒಳಗಿದೆ, ಇನ್ನು ಅಡ್ಜಸ್ಟರ್ ತಿರುಗಿಸಿ ಪ್ರಯೋಜನವಿಲ್ಲ. ಜಾರುವ ಕ್ಲಚ್ಚಿನಲ್ಲಿ ಮೊದಲು ಆಯಿಲ್ ವಿಚಾರಿಸಬೇಕು. ಘರ್ಷಣೆ ತಗ್ಗಿಸುವ ಅಂಶಗಳನ್ನು ಸೇರಿಸಿದ ಕಾರಿನ ಆಯಿಲ್ ಹಾಕಿದ್ದರೆ ಒಳ್ಳೆಯ ಪ್ಲೇಟುಗಳೂ ಜಾರಬಹುದು. ಡಬ್ಬದ ಮೇಲೆ ಜಾಸೊ ಎಂಎ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂದಿರುವ ಬೈಕ್ ಆಯಿಲನ್ನೇ ಬಳಸಬೇಕು, ಎಂಬಿ ಎಂದಿರುವುದು ಸ್ಕೂಟರ್‌ಗಳಿಗಾಗಿ. ಆಯಿಲ್ ಸರಿಯಿದ್ದರೆ ಸವೆದ ಪ್ಲೇಟು, ಕುಗ್ಗಿದ ಸ್ಪ್ರಿಂಗ್. ಬಿಡದ ಕ್ಲಚ್ಚಿನಲ್ಲಾದರೆ ಬಿಸಿಗೆ ಡೊಂಕಾದ ಸ್ಟೀಲ್ ಪ್ಲೇಟನ್ನು, ಮತ್ತು ಪ್ಲೇಟುಗಳನ್ನು ಒಳಗೊಂಡ ಬಟ್ಟಲಿನಂಥ ಕ್ಲಚ್ ಹೌಸಿಂಗ್‌ನ ಬೆರಳುಗಳ ಮೇಲೆ ಪ್ಲೇಟಿನ ಹಲ್ಲುಗಳು ಕೊರೆದ ಗುಳಿಗಳನ್ನು ಹುಡುಕಬೇಕು. ಆ ಗುಳಿಗಳಲ್ಲಿ ಸಿಕ್ಕಿಕೊಂಡ ಪ್ಲೇಟು ಲಿವರ್ ಎಷ್ಟು ಒತ್ತಿದರೂ ಸರಾಗವಾಗಿ ಸರಿಯುವುದಿಲ್ಲ. ಹೊಸ ಪ್ಲೇಟ್ ಹಾಕಿದರೂ ಅದೇ ದೂರು ಮರಳುವುದಕ್ಕೆ ಎಷ್ಟೋ ಸಲ ಈ ಗುಳಿಗಳೇ ಕಾರಣ.

ಹೊಸ ಪ್ಲೇಟುಗಳನ್ನು ಜೋಡಿಸುವ ಮೊದಲು ಆಯಿಲ್‌ನಲ್ಲಿ ಚೆನ್ನಾಗಿ ನೆನೆಸಬೇಕು. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಪ್ಲೇಟುಗಳು ಹೊಂದಿಕೊಳ್ಳುವ ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಫ್ರೀ ಪ್ಲೇ ಸ್ವಲ್ಪ ಬದಲಾಗಬಹುದಾದ್ದರಿಂದ, ಆಗ ಇನ್ನೊಮ್ಮೆ ಲಿವರ್‌ನ ತುದಿಯಲ್ಲಿ ಸ್ಕೇಲ್ ಹಿಡಿದು ಅಳೆಯಬೇಕು.