ಗಡಿಗೆ ಬೇಲಿ ಹಾಕಿಕೊಂಡರೆ ತಪ್ಪೇನು?

ಬೆತ್ಲೆಹೇಮ್ ನೋಡಿ ಬಂದಿದ್ದೇನೆ ಎಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು, ಏಸು ಹುಟ್ಟಿದ ಜಾಗ ಹೇಗಿದೆ. ಎರಡನೆಯದು, ಊರಿನ ಪಕ್ಕದಲ್ಲೇ ಇಸ್ರೇಲ್ ಕಟ್ಟಿರುವ ಆ ಗೋಡೆ. "ಎಲ್ಲಾ ದೇಶನೂ ಗಡಿಗೆ ಬೇಲಿ ಹಾಕ್ಕೊಳ್ಳುತ್ತೆ. ಪಂಜಾಬಲ್ಲಿ ನಾವೂ ಹಾಕಿದ್ದೀವಿ. ಇಸ್ರೇಲ್ ಹಾಕಿದ್ರೆ ಮಾತ್ರ ಯಾಕೆ ಇಷ್ಟು ಗಲಾಟೆ?" ಪೂಜೆ ಮುಗಿಸಿ ಚರ್ಚ್ ಅಂಗಳದಲ್ಲಿ ನಿಂತಾಗ ಕೇಳುತ್ತಾರೆ, ಮದುವೆ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಕರಾವಳಿಯ ಎಷ್ಟೋ ಮನೆಯವರು ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅಲ್ಲಿನ ಸೈರನ್ ಸದ್ದು ಫೋನಿನಲ್ಲಿ ಇಲ್ಲಿಗೂ ಕೇಳಿದೆ. ಹಾಗಾಗಿ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ನನ್ನ ಉತ್ತರ ಇಷ್ಟು: ಆ ಗೋಡೆ ಗಡಿಯ ಮೇಲಿಲ್ಲ.

1949ರ ಕದನವಿರಾಮದ ಗೆರೆಗೆ ಗ್ರೀನ್ ಲೈನ್ ಎನ್ನುತ್ತಾರೆ. ಅದರ ಒಂದು ಕಡೆ ಇಸ್ರೇಲ್, ಇನ್ನೊಂದು ಕಡೆ ವೆಸ್ಟ್ ಬ್ಯಾಂಕ್, ಅಂದರೆ 1967ರ ಯುದ್ಧದಿಂದ ಇಸ್ರೇಲ್ ಹಿಡಿತದಲ್ಲಿರುವ ಪ್ಯಾಲೆಸ್ಟೀನಿಯರ ಪ್ರದೇಶ. ಬೆತ್ಲೆಹೇಮ್ ಇರುವುದೂ ಅಲ್ಲೇ. ಈ ಭಾಗದಲ್ಲಿ ಗೆರೆಯ ಉದ್ದ ಸುಮಾರು 320 ಕಿಲೋಮೀಟರ್. ಗೋಡೆಗೆ ಹಾಕಿದ ಯೋಜನೆ ಸುಮಾರು 710 ಕಿಲೋಮೀಟರಿನದು. ಎರಡು ಪಟ್ಟಿಗಿಂತ ಜಾಸ್ತಿ. ಯಾಕೆ ಅಂದರೆ ಅದು ಗೆರೆ ಹಿಡಿದು ಹೋಗುವುದಿಲ್ಲ. ವೆಸ್ಟ್ ಬ್ಯಾಂಕ್ ಒಳಗೆ ನುಗ್ಗುತ್ತದೆ, ಅಲ್ಲಿ ಕಟ್ಟಿದ ಯಹೂದಿ ವಸಾಹತುಗಳನ್ನು ತನ್ನ ಕಡೆಗೆ ಸೇರಿಸಿಕೊಂಡು ಬಳಸಿ ಬರುತ್ತದೆ. ಶೇಕಡಾ 85ರಷ್ಟು ದಾರಿ ಪ್ಯಾಲೆಸ್ಟೀನಿಯರ ನೆಲದಲ್ಲೇ ಇದೆ. ನನ್ನ ಸೈಟಿಗೆ ನಾನು ಕಾಂಪೌಂಡ್ ಕಟ್ಟಿಕೊಂಡರೆ ಯಾರೂ ಕೇಳುವುದಿಲ್ಲ. ಪಕ್ಕದವರ ಮನೆಗೂ ಅವರ ಬಾವಿಗೂ ನಡುವೆ ಕಟ್ಟಿದರೆ ಕೇಳಬೇಕಲ್ವಾ?

ಇಸ್ರೇಲಿಗಳ ಭಯ ಸುಳ್ಳಲ್ಲ. 2002ರ ಮಾರ್ಚ್‌ನಲ್ಲಿ, ಯಹೂದಿಗಳ ಪಾಸ್ಕ ಹಬ್ಬದ ರಾತ್ರಿ, ಇಸ್ರೇಲಿನ ನೆತಾನ್ಯಾ ಊರಿನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ 30 ಜನ ಆತ್ಮಾಹುತಿ ಬಾಂಬಿಗೆ ಸತ್ತರು. ಬಸ್ಸು ಹತ್ತಲು ಜನ ಹೆದರುತ್ತಿದ್ದ ಕಾಲ ಅದು. ಗೋಡೆ ಶುರುವಾದದ್ದು ಅದೇ ವರ್ಷ. ಆಮೇಲೆ ಇಂಥ ದಾಳಿಗಳು ತುಂಬಾ ಇಳಿದವು, ಅದು ಗೋಡೆಯಿಂದಲೇ ಎಂದು ಇಸ್ರೇಲ್ ಹೇಳುತ್ತದೆ. ಆದರೆ ಕಾವಲಿಗೆ ಬೇಲಿ ಬೇಕು ಎನ್ನುವುದು ಒಂದು ಮಾತು, ಅದು ಎಲ್ಲಿ ಹಾದುಹೋಗಬೇಕು ಎನ್ನುವುದು ಇನ್ನೊಂದು. 2004ರ ಜುಲೈ 9ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಆಕ್ರಮಿತ ನೆಲದಲ್ಲಿ ಕಟ್ಟಿದ್ದು ಕಾನೂನಿಗೆ ವಿರುದ್ಧ, ಕೆಡವಬೇಕು ಎಂದು ಅಭಿಪ್ರಾಯ ಕೊಟ್ಟಿತು. ಇಸ್ರೇಲಿನ ಸುಪ್ರೀಂ ಕೋರ್ಟೇ ಕೆಲವು ಕಡೆ ದಾರಿ ಬದಲಿಸಿ ಎಂದಿದೆ. ವೆಸ್ಟ್ ಬ್ಯಾಂಕಿನ ಬಿಲಿನ್ ಎಂಬ ಹಳ್ಳಿಯವರಿಗೆ 2007ರಲ್ಲಿ ತೀರ್ಪು ಸಿಕ್ಕಿತು. ಬೇಲಿ ಪಕ್ಕಕ್ಕೆ ಸರಿದದ್ದು 2011ರಲ್ಲಿ.

ಇನ್ನು ದಿನದ ಬದುಕಿಗೆ ಬರೋಣ. ಫೋಟೋಗಳಲ್ಲಿ ನಾವು ನೋಡುವ ಎಂಟು ಮೀಟರ್ ಕಾಂಕ್ರೀಟ್ ಇರುವುದು ಹೆಚ್ಚಾಗಿ ಊರುಗಳ ಹತ್ತಿರ. ಹೊಲಗಳ ನಡುವೆ ಅದು ಸೆನ್ಸರ್ ಇರುವ ತಂತಿಬೇಲಿ. ಜೊತೆಗೆ ಕಂದಕ, ಸೈನಿಕರ ಗಸ್ತಿನ ರಸ್ತೆ, ಯಾರಾದರೂ ದಾಟಿದರೆ ಹೆಜ್ಜೆ ಗುರುತು ಬೀಳಲಿ ಎಂದು ನುಣ್ಣಗೆ ಎಳೆದ ಮಣ್ಣಿನ ಪಟ್ಟಿ. ವೆಸ್ಟ್ ಬ್ಯಾಂಕಿನ ಕಲ್ಕಿಲಿಯಾ ಪಟ್ಟಣದ ಹತ್ತಿರ ಜಯ್ಯೂಸ್ ಎಂಬ ಹಳ್ಳಿಯಿದೆ. ಬೇಲಿ ಬಂದಾಗ ಮನೆಗಳು ಈ ಕಡೆ ಉಳಿದವು. ತೋಟಗಳಲ್ಲಿ ಹೆಚ್ಚಿನವು, ನೀರಿನ ಬಾವಿಗಳು ಆ ಕಡೆ ಹೋದವು.

2003ರ ಅಕ್ಟೋಬರ್‌ನಲ್ಲಿ ಸೇನೆ, ಬೇಲಿಗೂ ಗ್ರೀನ್ ಲೈನಿಗೂ ನಡುವಿನ ಜಾಗಕ್ಕೆ ಪ್ರವೇಶ ಇಲ್ಲ ಎಂದು ಆದೇಶ ಹೊರಡಿಸಿತು. ಅಂದಿನಿಂದ ರೈತ ತನ್ನದೇ ತೋಟಕ್ಕೆ ಹೋಗಲು ಪರ್ಮಿಟ್ ಬೇಕು. ಅರಬಿಯಲ್ಲಿ ತಸ್ರೀಹ್ ಎನ್ನುತ್ತಾರೆ. ಇಸ್ರೇಲಿಗಳಿಗೆ ಅದು ಬೇಡ. ಪ್ರವಾಸಿಗಳಿಗೂ ಬೇಡ. ಅಂದರೆ ಮಂಗಳೂರಿಂದ ಹೋದ ನನಗೆ ಬೇಡ, ಅಜ್ಜ ನೆಟ್ಟ ಮರಕ್ಕೆ ನೀರು ಹಾಕಲು ಹೊರಟವನಿಗೆ ಬೇಕು. ಜಮೀನು ನನ್ನದು ಎಂದು ಕಾಗದದಲ್ಲಿ ತೋರಿಸಬೇಕು. ಆ ಕಾಗದ ಎಷ್ಟೋ ಸಲ ಅಜ್ಜನ ಹೆಸರಲ್ಲೇ ಇರುತ್ತದೆ. ಟ್ರಾಕ್ಟರಿಗೆ ಬೇರೆ ಅನುಮತಿ. ಪರ್ಮಿಟ್ ಇದ್ದರೂ ಸೈನಿಕರು ಬಂದು ಬೇಲಿಯ ಗೇಟ್ ತೆಗೆಯಬೇಕು. 2023ರವರೆಗೆ ತೆಗೆಯುತ್ತಿದ್ದದ್ದು ಬೆಳಗ್ಗೆ ಸ್ವಲ್ಪ ಹೊತ್ತು, ಮತ್ತೆ ಮಧ್ಯಾಹ್ನ, ಸಂಜೆ. ತಪ್ಪಿಸಿಕೊಂಡರೆ ಮುಂದಿನ ಸಲದವರೆಗೆ ಬಿಸಿಲಲ್ಲಿ ಕಾಯುವುದೇ.

ಇನ್ನೂ ಎಷ್ಟೋ ಗೇಟುಗಳು ದಿನಾ ತೆರೆಯುತ್ತಲೇ ಇರಲಿಲ್ಲ. ಆಲಿವ್ ಕೊಯ್ಲಿನ ಕೆಲವು ವಾರ ಮಾತ್ರ ತೆರೆಯುತ್ತಿದ್ದವು. ಕೃಷಿ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೊಯ್ಯಲು ಮಾತ್ರ ಬಿಟ್ಟರೆ ಏನು ಬಂತು? ಉಳುವುದು, ಕಳೆ ತೆಗೆಯುವುದು, ರೆಂಬೆ ಸವರುವುದು, ಇವೆಲ್ಲ ವರ್ಷವಿಡೀ ಆಗಬೇಕು. ಬೇಲಿಯ ಆಚೆಗಿನ ಮರಗಳಲ್ಲಿ ಇಳುವರಿ ಈಚೆಯ ಮರಗಳಿಗಿಂತ ಸುಮಾರು ಶೇಕಡಾ 60 ಕಮ್ಮಿ ಎಂದು ವಿಶ್ವಸಂಸ್ಥೆಯವರು ದಾಖಲಿಸಿದ್ದಾರೆ. ದಿನಾ ಕೈ ಬೇಡುವ ತರಕಾರಿಯನ್ನು ಜನ ಬಿಟ್ಟೇಬಿಟ್ಟರು. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನಡೆಸಿದ ದಾಳಿಯ ನಂತರ ಹೆಚ್ಚಿನ ಗೇಟುಗಳು ಮುಚ್ಚಿದವು. ಇಸ್ರೇಲಿಗೆ ಕೂಲಿಗೆ ಹೋಗುತ್ತಿದ್ದ ಲಕ್ಷಕ್ಕೂ ಹೆಚ್ಚು ಜನರ ದಾರಿಯೂ ಮುಚ್ಚಿತು.

ಜೆರುಸಲೇಮಿನದು ಬೇರೆಯೇ ಕತೆ. ಕಫ್ರ್ ಅಕಬ್ ಎಂಬ ಬಡಾವಣೆ ಜೆರುಸಲೇಮ್ ನಗರಸಭೆಯ ಒಳಗಿದೆ, ಗೋಡೆಯ ಹೊರಗಿದೆ. ತೆರಿಗೆ ನಗರಸಭೆಗೆ ಕಟ್ಟುತ್ತಾರೆ. ಆಸ್ಪತ್ರೆಗೆ ಹೋಗಬೇಕಾದರೆ ಕಲಂದಿಯಾ ಚೆಕ್‌ಪೋಸ್ಟ್ ದಾಟಬೇಕು. ಆದರೂ ಅಲ್ಲಿ ಮನೆಗಳ ಮೇಲೆ ಮನೆಗಳು ಎದ್ದಿವೆ. ಹೆಂಡತಿಗೆ ಜೆರುಸಲೇಮಿನಲ್ಲಿ ವಾಸಿಸುವ ಹಕ್ಕಿನ ನೀಲಿ ಗುರುತಿನ ಚೀಟಿ, ಗಂಡನಿಗೆ ವೆಸ್ಟ್ ಬ್ಯಾಂಕಿನ ಹಸಿರು ಚೀಟಿ ಅಂದುಕೊಳ್ಳಿ. ಆಕೆ ಊರು ಬಿಟ್ಟು ಗಂಡನ ಊರಿಗೆ ಹೋದರೆ ನೀಲಿ ಚೀಟಿ ಕಳೆದುಕೊಳ್ಳಬಹುದು. ಪರ್ಮಿಟ್ ಇಲ್ಲದೆ ಆತ ಗೋಡೆಯ ಒಳಗೆ ಬರುವ ಹಾಗಿಲ್ಲ. ಇಬ್ಬರೂ ಒಂದೇ ಸೂರಿನಡಿ ಇರಲು ಉಳಿಯುವುದು ಇಂಥ ಒಂದೆರಡು ಜಾಗ. ಇನ್ನು ವೆಸ್ಟ್ ಬ್ಯಾಂಕಿನ ರೋಗಿಗೆ ಜೆರುಸಲೇಮಿನ ಆಸ್ಪತ್ರೆಗೆ ಪರ್ಮಿಟ್ ಸಿಕ್ಕಿತು ಅನ್ನಿ. ಸಾಮಾನ್ಯವಾಗಿ ಆಂಬುಲೆನ್ಸ್ ಚೆಕ್‌ಪೋಸ್ಟಿನಲ್ಲೇ ನಿಲ್ಲುತ್ತದೆ. ಸ್ಟ್ರೆಚರನ್ನು ಆ ಕಡೆಯಿಂದ ಬಂದ ಇನ್ನೊಂದು ಆಂಬುಲೆನ್ಸಿಗೆ ಬದಲಾಯಿಸುತ್ತಾರೆ. ಉಸಿರು ಹಿಡಿದು ಮಲಗಿದ ಮನುಷ್ಯನನ್ನು ರಸ್ತೆಯಲ್ಲಿ ಹೀಗೆ ಬದಲಾಯಿಸುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಮ್ಮ ಯಾತ್ರೆಯಲ್ಲಿ ಬೆತ್ಲೆಹೇಮ್ ತೋರಿಸಿದ ಗೈಡ್ ಅಲ್ಲಿಯವರೇ, ಕ್ರೈಸ್ತರು. ಇಡೀ ದಿನ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಇಳಿಸಿದ್ದರು. ಸಂಜೆ ಬಸ್ಸು ಜೆರುಸಲೇಮ್ ಕಡೆ ಹೊರಟಾಗ ಗೋಡೆಗೆ ಸ್ವಲ್ಪ ಮೊದಲೇ ಎಲ್ಲರಿಗೂ ಕೈ ಮುಗಿದು ಇಳಿದರು. ಅಲ್ಲಿಂದ ಜೆರುಸಲೇಮಿನಲ್ಲಿರುವ, ಏಸುವಿನ ಪವಿತ್ರ ಸಮಾಧಿಯ ಚರ್ಚಿಗೆ ಹತ್ತು ಕಿಲೋಮೀಟರ್ ಆಸುಪಾಸು. ಮರುದಿನ ನಾವು ಅಲ್ಲಿಗೆ ಹೋಗುವವರಿದ್ದೆವು. ಅವರ ಹತ್ತಿರ ತಸ್ರೀಹ್ ಇರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಸೈನಿಕನೊಬ್ಬ ಬಸ್ಸು ಹತ್ತಿ, ಒಮ್ಮೆ ಕಣ್ಣಾಡಿಸಿ ಇಳಿದ. ನಮ್ಮ ಪಾಸ್‌ಪೋರ್ಟ್ ಕೂಡ ಕೇಳಲಿಲ್ಲ. ಅಮ್ಮ ಕಿಟಕಿಯಿಂದ ಹಿಂದೆ ತಿರುಗಿ ನೋಡುತ್ತಲೇ ಇದ್ದರು.

"ಅವರನ್ನೂ ಕರ್ಕೊಂಡು ಬರ್ಬೋದಿತ್ತಲ್ಲ," ಎಂದರು. "ನನ್ನ ಪಕ್ಕದ ಸೀಟು ಖಾಲಿನೇ ಇದೆ."